ಅರ್ಧ ಸುತ್ತು

ಅವನ ಬಳಿ ಜಿಗ್‌ಜಾಗ್ ಹೊಲಿಗೆ ಮೆಷಿನ್ ಇರಲಿಲ್ಲ. ಅದಿಲ್ಲದವನಿಗೆ ಚರ್ಮದ ಬ್ಯಾಗುಗಳ ಕೆಲಸ ಯಾರೂ ಕೊಡುತ್ತಿರಲಿಲ್ಲ. ಹೊಸದು ಕೊಳ್ಳುವ ಶಕ್ತಿಯಿರದ ಕಾರಣ ದೂರದ ಊರಿನ ಹಳೆ ಮೆಷಿನ್ ಅಂಗಡಿಗೆ ಬಂದಿದ್ದ.

“ಇದಕ್ಕಿಂತ ಅಗ್ಗದ್ದು ಎಲ್ಲೂ ಸಿಗಂಗಿಲ್ಲ ತಮ್ಮಾ. ಮ್ಯಾಲ ಹೊಸಾ ಬಣ್ಣಾ ಬ್ಯಾರೆ ಹಚ್ಚೇನಿ,” ಎಂದ ಅಂಗಡಿಯವನು. “ಆದ್ರ ಭಾಳ ಹಟಮಾರಿ ಐತಿ. ಯಾರ ಕುಂತ್ರೂ ದಾರ ಹರಿತೈತಿ. ನಿನ್ನ ನಸೀಬ ನೋಡೋಣು.” ನಕ್ಕ.

ಅವನು ಕೂತ. ಸೂಜಿಯ ಕೆಳಗೆ ಚರ್ಮದ ಚೂರಿಟ್ಟು, ಚಕ್ರವನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ದಾರವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತುಳಿದ. ಹೊಲಿಗೆ ಎಲ್ಲೂ ತಪ್ಪದೆ ಓಡಿತು.

ಅಂಗಡಿಯವನ ನಗು ನಿಂತಿತು. “ಹಂಗ ಹಿಂದಕ್ಕ ತಿರಗಸಬೇಕಂತ ನಿನಗ ಯಾರ ಹೇಳಿದ್ರು?”

ಅವನು ಮೆಷಿನ್ನನ್ನು ನೋಡಿದ. ಆಮೇಲೆ ಅಂಗಡಿಯವನ ಮುಖ ನೋಡಿದ.

“ನಮ್ಮಪ್ಪ.”

ಅಂಗಡಿಯವನು ಬಾಗಿಲಲ್ಲಿ ಕೂತಿದ್ದ ತನ್ನ ಅಣ್ಣನ ಕಡೆ ತಿರುಗಿದ. “ಯಣ್ಣಾ, ಶಟರ್ ಎಳಿ.”

ಹೋದ ವರ್ಷ ಕಳ್ಳರು ನುಗ್ಗಿದಾಗ ಅವನ ಮನೆಯಿಂದ ಹೋದದ್ದು ಎರಡು: ಈ ಮೆಷಿನ್, ಅದನ್ನು ಬಿಡದೆ ತಬ್ಬಿ ಹಿಡಿದಿದ್ದ ಅಪ್ಪನ ಜೀವ.