ಎಕ್ಸೀಡ್ ಅಂದರೇನು?

ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗಿರಿಜಾಂಬಾ ಅಡುಗೆಮನೆ ಸೇರಿದಳು. ಬಾಗಿಲು ಮುಂದೆ ಮಾಡಿದಳು.

ಶೀಶೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲೆ ಅಂಟಿಸಿದ್ದ ಚೀಟಿಯ ಮೇಲೆ ಕಣ್ಣಾಡಿಸಿದಳು. ‘ಸ್ಲೀಪ್’ ಗೊತ್ತಾಯಿತು. ‘ಡೂ ನಾಟ್’ ಗೊತ್ತಾಯಿತು. ಅದರ ಮುಂದಿನ ಪದ ಗೊತ್ತಾಗಲಿಲ್ಲ. ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡಳು. ಶೀಶೆಯನ್ನು ರಾಗಿಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಳು.

ಅವಳಿಗೆ ಇಂಗ್ಲಿಷ್ ಕಲಿಸಿದವರು ಮಾವ ಸದಾಶಿವಯ್ಯ, ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು. ಹೋದ ವರ್ಷ ಗಿರಿಜೆಯ ಗಂಡ ಪುಟ್ಟಸ್ವಾಮಿ ವಿಷಮಜ್ವರದಲ್ಲಿ ತೀರಿಕೊಂಡ. ಮಾವನಿಗಿದ್ದವನು ಅವನೊಬ್ಬನೇ ಮಗ. ಯಾದವಗಿರಿಯ ಆ ಪುಟ್ಟ ಮನೆಯಲ್ಲಿ ಉಳಿದವರು ಮಾವ, ಸೊಸೆ ಇಬ್ಬರೇ. ಎಷ್ಟೋ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೊಂದು ಸಂಜೆ ಮಾವನೇ ಕರೆದರು. “ಬಾಮ್ಮ, ನಾಲ್ಕಕ್ಷರ ಇಂಗ್ಲಿಷ್ ಕಲಿ. ನಾಳೆ ಸ್ಕೂಲ್ ಮೇಡಮ್ ಆಗ್ಬಹುದು.” ಅಂದಿನಿಂದ ಸಂಜೆಗೊಂದು ಪದ. ಅವರು ಅರ್ಥ ಹೇಳಬೇಕು, ಇವಳು ಅದನ್ನಿಟ್ಟು ವಾಕ್ಯ ಮಾಡಬೇಕು.

ಈಗ ಪಾಠ ನಿಂತಿತ್ತು. ಹೋದ ವಾರ ಮಾವ ಇದ್ದಕ್ಕಿದ್ದಂತೆ ಹೇಳಿಬಿಟ್ಟಿದ್ದರು.

“ನಿಮ್ಮಣ್ಣನಿಗೆ ಹೇಳಿಕಳಿಸಿದೀನಿ. ತವರಿಗೆ ಹೋಗು.”

“ನಾನೇನು ತಪ್ಪು ಮಾಡ್ದೆ ಮಾವ?”

“ತಪ್ಪಲ್ಲ. ಈ ಮುದುಕನ ಜೊತೆ ಕೂತು ಯಾಕೆ ಕೊಳೀತೀಯ?”

ಅವಳು ಕಾಲು ಹಿಡಿದಳು, ಅತ್ತಳು. ಅವರು ಕರಗಲಿಲ್ಲ. ಟ್ರಂಕನ್ನು ತಾವೇ ಕಟ್ಟಿ ನಡುಮನೆಯಲ್ಲಿಟ್ಟರು. ನಾಳೆ ಬೆಳಗಿನ ರೈಲಿಗೆ ಅಣ್ಣ ಶಿವಲಿಂಗಯ್ಯ ನಂಜನಗೂಡಿನಿಂದ ಬರುವವನಿದ್ದ. ಅಲ್ಲಿ ಅತ್ತಿಗೆಯ ಹಂಗಿನಲ್ಲಿ ಬದುಕಬೇಕು. ಅವಳು ತಟ್ಟೆಯ ಅನ್ನ ಮುಟ್ಟುತ್ತಿರಲಿಲ್ಲ. ಮಾವ ಮಾತ್ರ ಇವತ್ತು ಕ್ಷೌರ ಮಾಡಿಸಿಕೊಂಡು, ಭಾರ ಇಳಿಸಿಕೊಂಡವರ ಹಾಗೆ ಹಗುರವಾಗಿದ್ದರು. “ಸಾರು ಚೆನ್ನಾಗಿದೆ ಕಣಮ್ಮ” ಎಂದು ಎರಡು ಸಲ ಹಾಕಿಸಿಕೊಂಡಿದ್ದರು.

ಸಂಜೆ ಅವರು ಲಿಂಗಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಗಿರಿಜೆ ಎದುರಿಗೆ ಬಂದು ನಿಂತಳು.

“ಮಾವ, ಒಂದು ಪದದ ಅರ್ಥ ಹೇಳ್ತೀರಾ? ಇದೇ ಕೊನೇದು.”

“ಕೇಳು.”

“ಇ, ಎಕ್ಸ್, ಸಿ, ಇ, ಇ, ಡಿ.”

“ಎಕ್ಸೀಡ್. ಅಂದ್ರೆ ಮೀರೋದು.” ಹಳೆಯ ಮೇಷ್ಟ್ರು ಅರಳಿದರು. “ಬೆಟ್ಟದ ಬಸ್ಸಲ್ಲಿ ಇಷ್ಟೇ ಜನ ಕೂರಬೇಕು ಅಂತ ಬರೆದಿರೋಲ್ವೆ? ಅದಕ್ಕಿಂತ ಒಬ್ಬ ಹೆಚ್ಚಾದರೂ ಎಕ್ಸೀಡ್ ಆಯ್ತು.”

“ಮಾತ್ರೆ ಶೀಶೆ ಮೇಲೆ ಹಾಗೆ ಬರೆದಿದ್ರೆ?”

ಅವರ ಮುಖದ ಬಣ್ಣ ಇಳಿಯಿತು.

“ಯಾವ ಮಾತ್ರೆ?”

“ನಿದ್ದೇದು. ಮೀರಿದ್ರೆ ಏನಾಗತ್ತೆ ಮಾವ?”

“ಗಿರಿಜಾ, ಎಲ್ಲಿದೆ ಅದು? ತಾ ಇಲ್ಲಿ.”

“ಕೊಡೋಲ್ಲ. ಮೊದಲು ಹೇಳಿ. ಮೀರಿದ್ರೆ ನೋವೆಲ್ಲ ಮುಗಿದುಹೋಗತ್ತಾ?”

ಸದಾಶಿವಯ್ಯ ತಡವರಿಸುತ್ತ ಎದ್ದರು. ಕಂಬ ಹಿಡಿದುಕೊಂಡರು. ಎಂದೂ ಏರಿರದ ಧ್ವನಿ ಒಡೆದುಹೋಯಿತು.

“ಹುಚ್ಚಿ! ಸತ್ತೋನ ಹಿಂದೆ ಹೋದ್ರೆ ಸತ್ತೋನಿಗೆ ಏನು ಸಿಗತ್ತೆ? ನೋವು ಮುಗಿಯೋಲ್ಲ ಕಣೇ, ಉಳಿದೋರ ತಲೆ ಮೇಲೆ ಬೀಳತ್ತೆ. ಬೆಳಿಗ್ಗೆ ಬಂದು ಬಾಗಿಲು ತೆಗೆಯೋರ ಗತಿ ಏನು, ಅದನ್ನ ಯೋಚಿಸಿದ್ದೀಯಾ?”

“ಮಧ್ಯಾಹ್ನದಿಂದ ಅದನ್ನೇ ಯೋಚಿಸ್ತಿದೀನಿ.”

“ದುಃಖ ಎಷ್ಟಾದರೂ ಇರಲಿ. ಹೊರೋಕಾಗದಿದ್ರೆ ಬಾಯಿಬಿಟ್ಟು ಹೇಳ್ಕೋಬೇಕು. ಇಬ್ಬರಿದ್ದೀವಿ, ಹಂಚಿಕೊಂಡು ಹೊರೋಣ. ನಿನ್ನ ಕಳಿಸೋಲ್ಲ. ಶಿವಲಿಂಗಯ್ಯ ಬಂದರೆ ಊಟ ಹಾಕಿ ವಾಪಸ್ ಕಳಿಸ್ತೀನಿ, ಆಯ್ತಾ?” ಅವರು ಮಗುವಿನಂತೆ ಬಿಕ್ಕತೊಡಗಿದರು. “ಅದನ್ನ ಮಾತ್ರ ಮಾಡಬೇಡ ತಾಯಿ.”

ಗಿರಿಜೆ ಕದಲಲಿಲ್ಲ. ಅವಳ ಕೆನ್ನೆಯೂ ತೋಯ್ದಿತ್ತು.

“ಹಾಗಾದ್ರೆ ಲಿಂಗ ಮುಟ್ಟಿ ಹೇಳಿ ಮಾವ. ಈ ಮನೇಲಿ ಯಾರೂ ಅದನ್ನ ಮೀರೋಲ್ಲ ಅಂತ.”

“ನಾನ್ಯಾಕೆ? ನೀನು ಆಣೆ ಇಡು.”

“ಮೊದಲು ನೀವು. ಇಲ್ದಿದ್ರೆ ನಾನು ಒಳಗೆ ಹೋಗ್ತೀನಿ.”

ಅವರ ಕೈ ಎದೆಯ ಕಡೆಗೆ ಎದ್ದಿತು. ಅರ್ಧದಲ್ಲೇ ನಿಂತಿತು. ಜಂಗಮರ ಮನೆಯಲ್ಲಿ ಹುಟ್ಟಿದವರು, ಲಿಂಗ ಮುಟ್ಟಿ ಸುಳ್ಳಾಡಿದವರಲ್ಲ. ಗಿರಿಜೆ ಹೊಸ್ತಿಲ ಕಡೆಗೆ ತಿರುಗಿದಳು, ಒಂದು ಕಾಲು ಒಳಗಿಟ್ಟಳು.

“ನಿಲ್ಲು!” ಅವರು ಕೊರಳಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದರು. “ಮುಟ್ಟಿದೀನಿ ಕಣಮ್ಮ. ಈ ಮನೇಲಿ ಯಾರೂ ಮೀರೋಲ್ಲ. ಶಿವನಾಣೆ. ಈಗ ನೀನು ಹೇಳು.”

ಗಿರಿಜೆ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಮಧ್ಯಾಹ್ನದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಳು.

“ನಾನು ಸಾಯ್ತೀನಿ ಅಂತ ಎಲ್ಲಿ ಹೇಳಿದೆ ಮಾವ? ಆ ಶೀಶೆ ಸಿಕ್ಕಿದ್ದು ನಿಮ್ಮ ದಿಂಬಿನ ಚೀಲದೊಳಗೆ.”