ವಾರಸಾಗಿ ಬಂದ ಹರಕೆ

ಸತ್ತವರು ತೀರಿಸದೆ ಬಿಟ್ಟ ಹರಕೆಗಳೆಲ್ಲ ಮಕ್ಕಳ ಹೆಸರಿಗೆ ವರ್ಗವಾಗಲೇಬೇಕು. ಅದಕ್ಕಾಗಿ ವಿಜ್ಞಾನದ ಟೀಚರು ಶಶಿರೇಖಾ ಧಾರವಾಡದ ಹರಕೆ ಕಚೇರಿಗೆ ಮೂರನೆಯ ಸಲ ರಜೆ ಹಾಕಿ ಬಂದಿದ್ದರು.

ಗುಮಾಸ್ತ ಫಕ್ಕೀರಪ್ಪ ಅವರ ತೀರಿಹೋದ ಅವ್ವನ ಹರಕೆಗಳ ಪಟ್ಟಿ ಓದಿದ. “ಎಲ್ಲಮ್ಮಗ ಉಡಿ ತುಂಬೂದು, ದರ್ಗಾದಾಗ ಸಕ್ಕರಿ ಓದಿಸೂದು, ಚರ್ಚಿನಾಗ ಎರಡು ಮೇಣಬತ್ತಿ...”

“ನಾ ದೇವರನ್ನ ನಂಬೂದಿಲ್ರೀ. ಎಷ್ಟ್ ಸಲ ಬರದು ಕೊಡ್ಲಿ?”

“ನಂಬ್ರಿ, ಬಿಡ್ರಿ. ಮಗಳಂತೂ ಹೌದಲ್ರೀ?”

ಶಶಿರೇಖಾ ಹಲ್ಲು ಕಚ್ಚಿ ಸಹಿ ಹಾಕುತ್ತ ಹೋದರು. ಕೊನೆಯ ಹಾಳೆಗೆ ಬಂದಾಗ ಫಕ್ಕೀರಪ್ಪ ಅವರನ್ನು ತಡೆದ.

“ಇದು ಮೂವತ್ತು ವರ್ಷದ್ದು. ‘ಮಗಳಿಗೆ ದೇವರ ಮ್ಯಾಲೆ ನಂಬಿಗಿ ಬರೂತನಕ ಮಾವಿನಹಣ್ಣು ಬಾಯಾಗ ಇಡೂದಿಲ್ಲ.’”

ಪ್ರತಿ ಬೇಸಿಗೆಯಲ್ಲೂ ಅವ್ವ ಆಪೂಸು ಹೆಚ್ಚಿ ಮಗಳ ಮುಂದಿಟ್ಟು, ಬೆರಳು ಸಹ ನೆಕ್ಕದೆ ಕೈ ತೊಳೆದುಕೊಳ್ಳುತ್ತಿದ್ದಳು. ಅವಳಿಗೆ ಮಾವು ಸೇರುವುದಿಲ್ಲವೆಂದೇ ಶಶಿರೇಖಾ ತಿಳಿದಿದ್ದರು.

“‘ನಂಬಿಗಿ ಬಂದೈತಿ’ ಅಂತ ಬರೀರಿ, ಇಲ್ಲೇ ಮುಗಿಸಿಬಿಡೋಣ್ರಿ. ಎಲ್ಲಾರೂ ಹಂಗ ಮಾಡ್ತಾರ. ಇಲ್ಲಂದ್ರ ಇನ್ನ ಮ್ಯಾಲೆ ನೀವ ನಡಸಬೇಕಾಗ್ತದ.”

“ಸುಳ್ಳು ಬರೀರಿ ಅಂತೀರೇನು?” ಶಶಿರೇಖಾ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು. “ಸತ್ತ ಮ್ಯಾಲೂ ಹಟಾ ಬಿಡಲಿಲ್ಲ ನೋಡ್ರಿ ಈಕಿ!”

ಅದನ್ನು ಬರೆಯದೆಯೇ ಎದ್ದು ಬಂದರು. ಹೊರಗೆ ಹಣ್ಣಿನ ಗಾಡಿಯವಳು ಆಪೂಸಿನ ಹೋಳೊಂದನ್ನು ಮುಂದೆ ಚಾಚಿದಳು.

“ತಿಂದ್ ನೋಡ್ರಿ ಅಕ್ಕಾರ, ಸಕ್ಕರಿ ಆಗೇತಿ.”

ಶಶಿರೇಖಾ ಕೈ ಮುಂದೆ ಮಾಡಿದವರು ಅರ್ಧಕ್ಕೇ ಹಿಂದೆಳೆದುಕೊಂಡರು.

“ಬ್ಯಾಡವಾ,” ಎಂದು ಸಿಡುಕಿದರು. “ನಮ್ಮವ್ವನ ಹರಕಿ ಐತಿ.”