ವೃತ್ತದ ನಡುವಿನ ಕುರ್ಚಿ

“ಸಾರ್, ಅಲ್ಲಿಂದ ಸ್ವಲ್ಪ ಏಳ್ತೀರಾ? ನಮ್ಮ ಡಬ್ಬಿ ಅಲ್ಲೇ ಇಳಿಯೋದು.”

ಹುಡುಗಿ ಹಾಗೆಂದಾಗ ಮೈದಾನದ ನಡುವೆ ಕುಳಿತಿದ್ದ ಇಬ್ಬರು ತೀರ್ಪುಗಾರರೂ ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ನಕ್ಕರು. ನಗುವ ಮಾತೇ ಅದು. ವಿದ್ಯಾರ್ಥಿಗಳ ಬಾಹ್ಯಾಕಾಶ ಯಂತ್ರಗಳ ಸ್ಪರ್ಧೆ. ಡ್ರೋನ್ ಒಂದು ಡಬ್ಬಿಯನ್ನು ಆಕಾಶಕ್ಕೆ ಎತ್ತಿಕೊಂಡು ಹೋಗಿ ಕೈಬಿಡುತ್ತದೆ. ಡಬ್ಬಿ ತನ್ನ ಪ್ಯಾರಾಚೂಟಿನ ಹಗ್ಗಗಳನ್ನು ತಾನೇ ಎಳೆದುಕೊಂಡು, ಗಾಳಿಯ ಜೊತೆ ಗುದ್ದಾಡಿಕೊಂಡು, ಸುಣ್ಣದಲ್ಲಿ ಬರೆದ ದೊಡ್ಡ ವೃತ್ತದ ನಟ್ಟನಡುವೆ ಇಳಿಯಬೇಕು. ಗೆದ್ದ ತಂಡದ ಡಬ್ಬಿಗೆ ನಿಜವಾದ ರಾಕೆಟ್ಟಿನಲ್ಲಿ ಜಾಗ. ಇದುವರೆಗೆ ಡಬ್ಬಿಗಳು ಬೇಲಿಯ ಮೇಲೆ, ಕಾರುಗಳ ಮೇಲೆ, ಒಮ್ಮೆಯಂತೂ ಪಕ್ಕದ ಶಾಲೆಯ ನೀರಿನ ಟ್ಯಾಂಕಿನೊಳಗೆ ಇಳಿದದ್ದುಂಟು. ವೃತ್ತದ ನಡುವೆ ಮಾತ್ರ ಇಳಿದದ್ದಿಲ್ಲ. ಹಾಗಾಗಿ ಪ್ಯಾರಾಚೂಟುಗಳ ಪರಿಣತರಾದ ಹಿರಿಯ ತೀರ್ಪುಗಾರರು ವರ್ಷ ವರ್ಷವೂ ಮೇಜು, ಕುರ್ಚಿ, ದೊಡ್ಡ ಛತ್ರಿ, ಕಾಫಿ ಫ್ಲಾಸ್ಕಿನ ಸಮೇತ ಅಲ್ಲೇ ಠಿಕಾಣಿ ಹೂಡುತ್ತಿದ್ದರು. ಅಂಕ ಕೊಡುವುದರಲ್ಲಿ ಅವರ ಕೈ ಎಷ್ಟು ಧಾರಾಳವೆಂದರೆ, ಹುಡುಗರು ಅವರಿಗೆ ಸೊನ್ನೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು.

“ಈ ಮೈದಾನದಲ್ಲಿ ಭಯ ಇಲ್ದೆ ಕೂರೋ ಜಾಗ ಅಂದ್ರೆ ಇದೊಂದೇ ಕಣಮ್ಮ,” ಎಂದರು ಮೇಷ್ಟ್ರು. “ಇಷ್ಟು ವರ್ಷದಲ್ಲಿ ಇಲ್ಲಿ ಒಂದು ಗುಂಡುಸೂಜಿನೂ ಬಿದ್ದಿಲ್ಲ.”

“ಇವತ್ತು ಬೀಳುತ್ತೆ ಸಾರ್.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ.”

“ಕುಲಾವಿ ಸಾಕಾಗಲ್ಲ ಸಾರ್. ಡಬ್ಬಿ ಒಂದು ಕೇಜಿ ಇದೆ, ಹೆಲ್ಮೆಟ್ಟೇ ಬೇಕಾಗುತ್ತೆ.”

ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರ್ತಿ, ರಾಕೆಟ್ ಎಂಜಿನುಗಳ ಮೇಡಂ, ಬಾಯಲ್ಲಿದ್ದ ಕಾಫಿಯನ್ನು ಕಷ್ಟಪಟ್ಟು ನುಂಗಿಕೊಂಡರು. ಮೇಷ್ಟ್ರಿಗೆ ಮಾತ್ರ ನಗು ಬರಲಿಲ್ಲ. ಅವರು ಕಂಬದ ಮೇಲಿನ ಗಡಿಯಾರ ತೋರಿಸಿದರು. ತಂಡಕ್ಕೆ ಕೊಟ್ಟ ಸಮಯ ಮುಗಿಯುವುದರೊಳಗೆ ಡ್ರೋನ್ ನೆಲ ಬಿಡದಿದ್ದರೆ ಆ ತಂಡ ಸ್ಪರ್ಧೆಯಿಂದ ಹೊರಗೆ.

“ಹಾರಿಸೋದಾದ್ರೆ ಹಾರಿಸು. ನಿನ್ನ ಟೈಮ್ ಓಡ್ತಿದೆ.”

ಡ್ರೋನಿನ ರಿಮೋಟ್ ಹಿಡಿದಿದ್ದ ಗೆಳತಿ ಹುಡುಗಿಯ ಮೊಣಕೈ ಜಗ್ಗಿದಳು. “ಲೇ, ಬೆಳಿಗ್ಗೆಯಿಂದ ಹಾರಿಸಿದೋರು ಯಾರೂ ಇವರನ್ನ ಏಳಿ ಅನ್ನಲಿಲ್ಲ ಕಣೇ. ನೀನ್ಯಾಕೆ ಇಲ್ಲದ್ದನ್ನ ಮೈಮೇಲೆ ಎಳ್ಕೋತೀಯ? ನಮಗೆ ನಂಬರ್ ಕೊಡೋರು ಇವರೇ ಅಲ್ವಾ?”

ಮಾತು ಸುಳ್ಳಲ್ಲ. ಅದು ಒಂದು ವರ್ಷ ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಪ್ಯಾರಾಚೂಟು. ರಜೆಗೆ ಮನೆಗೂ ಹೋಗದೆ ಇಡೀ ತಂಡ ಅದರ ಹಿಂದೆ ಬಿದ್ದಿತ್ತು. ಹುಡುಗಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಅದು ಗುರಿ ತಪ್ಪೀತೆಂಬ ಹೆದರಿಕೆಯಲ್ಲ, ತಪ್ಪದಿದ್ದರೆ ಈ ಮುದುಕರ ಗತಿಯೇನು ಎಂಬ ಹೆದರಿಕೆ. ಅವಳು ಗೆಳತಿಯ ಕೈಯಿಂದ ರಿಮೋಟ್ ತೆಗೆದುಕೊಂಡು ತೀರ್ಪುಗಾರರ ಮೇಜಿನ ಮೇಲೆ ಇಟ್ಟಳು.

“ನೀವು ಇಲ್ಲಿ ಕೂತಿರೋವರೆಗೂ ನಾನು ಹಾರಿಸಲ್ಲ ಸಾರ್.”

“ಟೈಮ್ ಮುಗಿದ್ರೆ?”

“ಮುಗೀಲಿ.”

“ಸರಿ, ಎದ್ವಿ ಅಂತಿಟ್ಕೋ. ಬೀಳದೆ ಹೋದ್ರೆ?”

“ಸೊನ್ನೆ ಕೊಡಿ. ಆದ್ರೆ ಆ ಗೆರೆಯಿಂದ ಆಚೆ ನಿಂತು ಕೊಡಿ.”

ಗೆಳತಿ ನಾಲಿಗೆ ಕಚ್ಚಿಕೊಂಡಳು. ಮೇಡಂ ಮಾತ್ರ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದೇಬಿಟ್ಟರು. “ನನ್ನ ತಲೆ ಮೇಲೆ ನನಗಿನ್ನೂ ಆಸೆ ಇದೆಯಪ್ಪ. ಏಳಿ ಮೇಷ್ಟ್ರೇ.” ಮೇಷ್ಟ್ರು ಮಂಡಿಗಳ ಮೇಲೆ ಕೈಯೂರಿ, ಗೊಣಗುತ್ತ ಎದ್ದರು. ಮೇಜು, ಕುರ್ಚಿ, ಛತ್ರಿಗಳನ್ನು ಹೊರಲು ತಂಡವೇ ಓಡಿಬಂತು. ಸಮಯ ಮುಗಿಯಲು ಇನ್ನೇನು ಉಸಿರೆಳೆಯುವಷ್ಟು ಹೊತ್ತಿದೆ ಎನ್ನುವಾಗ ಡ್ರೋನ್ ಮೇಲೆದ್ದಿತು.

ಎತ್ತರದಲ್ಲಿ ಕೆಂಪು ಪ್ಯಾರಾಚೂಟು ಬಿಚ್ಚಿಕೊಂಡಿತು. ಬಿಚ್ಚಿಕೊಂಡದ್ದು ಸೀದಾ ಬೇಲಿಯ ಕಡೆಗೆ ಹೊರಟಿತು.

“ಹೋಯ್ತು,” ಎಂದರು ಮೇಷ್ಟ್ರು, ಕೊಂಚ ಸಮಾಧಾನದಿಂದಲೇ.

“ಇಲ್ಲ ಸಾರ್, ಗಾಳಿಗೆ ಮುಖ ಕೊಡೋಕೆ ಸುತ್ತು ಹಾಕ್ತಿದೆ.”

ಡಬ್ಬಿ ಬೇಲಿಯ ನೆತ್ತಿಯವರೆಗೂ ಹೋಗಿ, ಒಂದು ಕಡೆಗೆ ವಾಲಿ, ಮನೆ ದಾರಿ ನೆನಪಾದ ದನದಂತೆ ತಿರುಗಿತು. ಆಮೇಲೆ ಅತ್ತಿತ್ತ ನೋಡಲಿಲ್ಲ. ವೃತ್ತದ ನಡುವೆ ಧೊಪ್ಪೆಂದು ಬಂದು ಕೂತಿತು. ಮೇಜಿನ ಕಾಲುಗಳು ಮಣ್ಣಿನಲ್ಲಿ ಬಿಟ್ಟಿದ್ದ ಗುಳಿಗಳಿಂದ ಎರಡು ಮೊಳ ಈಚೆಗೆ, ಸರಿಯಾಗಿ ಮೇಷ್ಟ್ರ ಕುರ್ಚಿಯಿದ್ದ ಜಾಗದಲ್ಲೇ.

ಮೈದಾನವೆಲ್ಲ ಕೇಕೆ ಹಾಕಿತು. ಮೇಷ್ಟ್ರು ಕೇಕೆ ಹಾಕಲಿಲ್ಲ, ಬೋಳುತಲೆಯನ್ನೊಮ್ಮೆ ಮೆಲ್ಲಗೆ ಸವರಿಕೊಂಡರು. ಹುಡುಗಿಯ ಹತ್ತಿರ ಹೋಗಿ ಅವಳ ಬೆನ್ನು ತಟ್ಟಿದರು. ಬಾಯಿ ತೆರೆದು ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಆಮೇಲೆ ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದು ವೃತ್ತದ ನಡುವೆಯೇ ಹಾಕಿಕೊಂಡು ಕುಳಿತರು.

“ಇದೇನ್ ಮೇಷ್ಟ್ರೇ, ಮತ್ತೆ ಇಲ್ಲೇ?” ಎಂದರು ಮೇಡಂ.

“ಇಷ್ಟು ವರ್ಷ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಕೂತೇ ಕೇಳ್ಬೇಕು.”

ಮುಂದಿನ ತಂಡ ಬಂತು. ಇಸ್ತ್ರಿ ಮಾಡಿದ ಕೋಟು, ಕೈತುಂಬ ಬಣ್ಣಬಣ್ಣದ ನಕ್ಷೆಗಳು. ನಾಯಕ ತಲೆಬಾಗಿ ನಮಸ್ಕರಿಸಿದ. “ನಮ್ಮ ಡಬ್ಬಿ ಗುರಿ ತಪ್ಪೋ ಮಾತೇ ಇಲ್ಲ ಸಾರ್. ನೂರಕ್ಕೆ ನೂರು.”

“ಸಂತೋಷ,” ಎಂದರು ಮೇಷ್ಟ್ರು. “ಹಾಗಾದ್ರೆ ನಾವು ಇಲ್ಲಿಂದ ಏಳಬೇಕೇನಪ್ಪ?”

ನಾಯಕ ಛತ್ರಿಯನ್ನು ತಂದು, ನೆರಳು ಮೇಷ್ಟ್ರ ಮೇಲೆ ಸರಿಯಾಗಿ ಬೀಳುವಂತೆ ನೆಟ್ಟು, ವಿನಯದಿಂದ ಹೇಳಿದ.

“ಛೆ ಛೆ, ಬೇಡ ಸಾರ್. ನೀವು ಆರಾಮಾಗಿ ಕೂತಿರಿ.”